ಪರದೆಯ ಮೂಲೆಯ ತಾರೀಕು

ಅಕ್ಕ ಮದುವೆಯಾಗಿ ಹೋದರೆ ಅಪ್ಪನನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗೆ ತಂಗಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದರಿಂದಲೇ ಒಂದು ಭಾನುವಾರ ಬೆಳಿಗ್ಗೆ, ಅಕ್ಕ ಒಳಕೋಣೆಯಲ್ಲಿ ಅಪ್ಪನ ಮೈ ಒರೆಸುತ್ತಿದ್ದ ಹೊತ್ತು ನೋಡಿಕೊಂಡು, ಕಂಪ್ಯೂಟರಿನ ಮುಂದೆ ಕೂತು ಅದರ ತಾರೀಕನ್ನು ಎರಡು ವರ್ಷ ಮುಂದಕ್ಕೆ ತಳ್ಳಿದಳು.

ದಿನ ಅದೇ, ತಿಂಗಳು ಅದೇ. ಇಸವಿ ಮಾತ್ರ ಬೇರೆ. ಕೆಳಗಿನ ಮೂಲೆಯಲ್ಲಿ ಎಳ್ಳಿನಷ್ಟು ಚಿಕ್ಕದಾಗಿ ಕೂತಿರುವ ಇಸವಿಯನ್ನು ಯಾರು ನೋಡುತ್ತಾರೆ? ಆದರೆ ಬ್ರೌಸರ್ ನೋಡುತ್ತದೆ. ಯಾವ ಪುಟ ತೆರೆಯಲು ಹೋದರೂ ಅದು ಮೊದಲು ಆ ಪುಟದ ಪರವಾನಗಿಯ ಅವಧಿ ನೋಡುತ್ತದೆ. ಎರಡು ವರ್ಷ ಮುಂದೆ ನಿಂತು ನೋಡಿದರೆ ಲೋಕದ ಎಲ್ಲರ ಪರವಾನಗಿಯೂ ಮುಗಿದುಹೋಗಿರುತ್ತದೆ. ಆಗ ಅದು ಯಾರನ್ನೂ ನಂಬುವುದಿಲ್ಲ, ಕೆಂಪು ತ್ರಿಕೋನ ತೋರಿಸಿ ಬಾಗಿಲು ಹಾಕಿಕೊಳ್ಳುತ್ತದೆ. ತಂಗಿಯ ಆಫೀಸಿನ ಕಂಪ್ಯೂಟರೊಂದಕ್ಕೆ ಒಮ್ಮೆ ಹೀಗೇ ಆಗಿ, ರಿಪೇರಿಯವನು ಬಂದು ತಾರೀಕು ಸರಿಮಾಡಿ ನಗುತ್ತಾ ಹೋಗಿದ್ದ. ಅವಳು ಆಗ ಕಲಿತ ವಿದ್ಯೆ ಈಗ ಉಪಯೋಗಕ್ಕೆ ಬಂತು.

ಅಕ್ಕ ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ಅವಳ ಮಿಷನ್ನು, ಅದರ ಪಕ್ಕದಲ್ಲೇ ಕಂಪ್ಯೂಟರಿನ ಮೇಜು. ತಾಯಿ ಹೋದಾಗಿನಿಂದ ಮನೆಯನ್ನು ಹೊತ್ತವಳು ಅವಳೇ. ಅಪ್ಪನ ಎಡಭಾಗ ಸ್ವಾಧೀನ ತಪ್ಪಿದ ಮೇಲೆ ಅವನನ್ನು ಎತ್ತುವುದು, ಮಗ್ಗುಲು ಬದಲಿಸುವುದು, ತೊಳೆಯುವುದು ಎಲ್ಲವೂ ಅವಳ ತಲೆಗೇ ಬಿದ್ದಿತ್ತು. ತಂಗಿ ವಿಮೆ ಕಂಪನಿಯಲ್ಲಿ ಗುಮಾಸ್ತೆ. ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದಳು, ಬಾಗಿಲಲ್ಲಿ ನಿಂತು "ಹೇಗಿದ್ದೀಯಪ್ಪಾ" ಅನ್ನುತ್ತಿದ್ದಳು, ಮೂಗಿಗೆ ಆ ಕೋಣೆಯ ವಾಸನೆ ಬಡಿಯುವ ಮೊದಲೇ ಹಿಂದೆ ಸರಿಯುತ್ತಿದ್ದಳು.

ಅಪ್ಪ ಎಂಥವನೆಂದರೆ, ಕೆಲಸದಲ್ಲಿದ್ದಾಗ ವಾಹನ ಓಡಿಸುವ ಪರೀಕ್ಷೆ ತೆಗೆದುಕೊಳ್ಳುವ ಅಧಿಕಾರಿಯಾಗಿದ್ದವನು. ಜನರನ್ನು ಫೇಲ್ ಮಾಡುವುದರಲ್ಲಿ ಅವನಿಗಿದ್ದ ಖುಷಿ ಇನ್ಯಾವುದರಲ್ಲೂ ಇರಲಿಲ್ಲ. ಅರ್ಧ ಮೈ ಸತ್ತರೂ ನಾಲಿಗೆ ಪೂರ್ತಿ ಬದುಕಿತ್ತು. ಗಂಜಿ ಸ್ವಲ್ಪ ಬಿಸಿಯಾದರೆ "ಫೇಲ್" ಅನ್ನುತ್ತಿದ್ದ, ದಿಂಬು ಓರೆಯಾದರೆ "ಫೇಲ್". ಬಲಗೈಗೆ ಎಟುಕುವ ಹಾಗೆ ಒಂದು ಊರುಗೋಲು ಇಟ್ಟುಕೊಂಡು ಗೋಡೆಗೆ ಕುಟ್ಟುತ್ತಿದ್ದ. ಎರಡು ಸಲ ಕುಟ್ಟಿದರೆ ಹಿರಿಯಳು ಬರಬೇಕು, ಒಂದು ಸಲ ಕುಟ್ಟಿದರೆ ಕಿರಿಯಳು. ಅವನೇ ಮಾಡಿದ ಕಾನೂನು ಅದು. ಆದರೆ ಒಂಟಿ ಕುಟ್ಟು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಅವಳ ಕೈ ಇಕ್ಕಳ," ಅನ್ನುತ್ತಿದ್ದ ಅಪ್ಪ ಕಿರಿಯಳ ಬಗ್ಗೆ. ತಂಗಿಗೆ ಅದು ಬೈಗುಳ ಅನ್ನಿಸುತ್ತಿರಲಿಲ್ಲ, ರಜೆ ಅನ್ನಿಸುತ್ತಿತ್ತು.

ಇಷ್ಟರ ನಡುವೆ ಅಕ್ಕನಿಗೆ ಒಬ್ಬ ಗಂಡು ಸಿಕ್ಕಿದ್ದ. ಸಂಬಂಧ ಕೂಡಿಸುವ ಪುಟವೊಂದರಲ್ಲಿ ಅವಳು ತಾನೇ ಹುಡುಕಿಕೊಂಡವನು. ಹೆಂಡತಿ ತೀರಿಕೊಂಡಿದ್ದ ಕ್ರೇನ್ ಚಾಲಕ, ಎಲ್ಲೋ ಬೆಟ್ಟದ ಒಳಗೆ ಅಣೆಕಟ್ಟು ಕಟ್ಟುವಲ್ಲಿ ಕೆಲಸ. ಅಲ್ಲಿ ಫೋನ್ ಸಿಗುವುದಿಲ್ಲ. ಅಂಚೆಯೂ ದಿನಸಿ ಲಾರಿ ಹತ್ತಿ ಹೋಗಬೇಕು, ಲಾರಿ ಅದಕ್ಕೆ ಮನಸ್ಸು ಬಂದಾಗ ಹೋಗುತ್ತದೆ. ಕೆಲಸಗಾರರ ಊಟದ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ, ಭಾನುವಾರ ಮಧ್ಯಾಹ್ನ ಅವನ ಸರದಿ. ಆ ಹೊತ್ತಿಗೆ ಅಕ್ಕ ತಲೆ ಬಾಚಿಕೊಂಡು ಪರದೆಯ ಮುಂದೆ ಕೂರುತ್ತಿದ್ದಳು. ಇಬ್ಬರೂ ಮಾತಾಡುವುದಕ್ಕಿಂತ ಹೆಚ್ಚಾಗಿ ಸುಮ್ಮನೆ ನೋಡಿಕೊಂಡು ಕೂರುತ್ತಿದ್ದರು. ಅವನು ಒಂದು ಸಲ ತನ್ನ ಕ್ರೇನಿನ ಕೊಕ್ಕೆಯನ್ನು ಕೈಯಲ್ಲಿ ಅಭಿನಯಿಸಿ ತೋರಿಸಿದಾಗ ಅಕ್ಕ ಬಿದ್ದುಬಿದ್ದು ನಕ್ಕಳು. ಆ ನಗು ಕೇಳಿ ಅಡುಗೆಮನೆಯಲ್ಲಿದ್ದ ತಂಗಿ ಒಲೆ ಆರಿಸಿ ಕಿವಿಗೊಟ್ಟಳು. ಅಷ್ಟು ನಗುವವಳು ಮನೆಯಲ್ಲಿ ಉಳಿಯುವುದಿಲ್ಲ.

ಅವಳು ಹೆದರಿದ್ದೇ ಆಯಿತು. "ಅವರ ಕೆಲಸ ಅಲ್ಲಿ ಮುಗೀತಾ ಬಂತಂತೆ," ಅಂದಳು ಅಕ್ಕ ಒಂದು ಸಂಜೆ, ಸೂಜಿಗೆ ದಾರ ಪೋಣಿಸುತ್ತಾ. "ಇನ್ನೂ ದೂರದ ಊರಿಗೆ ಹಾಕ್ತಾರಂತೆ. ಹೋಗೋದಾದ್ರೆ ಜೊತೇಲೇ ಹೋಗೋಣ, ಯೋಚನೆ ಮಾಡಿ ಹೇಳು ಅಂದಿದ್ದಾರೆ. ಈ ಭಾನುವಾರ ಹೂಂ ಅಂತೀನಿ ಕಣೇ."

"ಅಪ್ಪ?"

"ನೀನಿದ್ದೀಯಲ್ಲ."

ಅಕ್ಕ ಅದನ್ನು ಬಹಳ ಸಲೀಸಾಗಿ ಹೇಳಿದಳು. "ಒಳ್ಳೇದಾಯ್ತು ಬಿಡು" ಅಂದು ತಂಗಿ ಅಕ್ಕನ ಬೆನ್ನು ಸವರಿದಳು. ಆ ಭಾನುವಾರ ಬೆಳಿಗ್ಗೆಯೇ ತಾರೀಕು ಎರಡು ವರ್ಷ ಮುಂದಕ್ಕೆ ಹೋಯಿತು.

ಮಧ್ಯಾಹ್ನ ಅಕ್ಕ ಹೊಸ ಅಂಗಿ ಹಾಕಿಕೊಂಡು ಕೂತಳು. ಕೆಂಪು ತ್ರಿಕೋನ ಬಂತು. ಕಂಪ್ಯೂಟರಿನಲ್ಲಿ ಕೆಂಪಗೆ ಏನು ಕಂಡರೂ ಸರಿ, ಇಂಜೆಕ್ಷನ್ ನೋಡಿದ ಮಗುವಿನ ಹಾಗೆ ಮುಖ ತಿರುಗಿಸಿಬಿಡುವುದು ಅವಳ ಅಭ್ಯಾಸ. ಈಗಲೂ ಗೋಡೆ ಕಡೆ ತಿರುಗಿ ಕೂಗಿದಳು. "ಲೇ ಬಾರೇ, ಏನೋ ಆಗಿದೆ. ಏನಂತೆ ನೋಡು."

ತಂಗಿ ಬಂದು ಬಗ್ಗಿ ನೋಡಿದಳು. ನಿಮ್ಮ ಗಡಿಯಾರ ಮುಂದಿದೆ, ಸರಿಮಾಡಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ನೆಟ್ಟಗೆ ಬರೆದಿತ್ತು. ಇಷ್ಟು ಬಾಯಿಬಡುಕ ಯಂತ್ರ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಓದುವ ಹಾಗೆ ನಿಧಾನವಾಗಿ ಹೇಳಿದಳು. "ಆ ಕಡೆಯವರು ಉತ್ತರ ಕೊಡ್ತಾ ಇಲ್ಲ. ಆಮೇಲೆ ಪ್ರಯತ್ನಿಸಿ, ಅಂತಿದೆ."

"ಅವರಾ?"

"ಅವರೋ, ಅವರ ಕಂಪ್ಯೂಟರೋ. ತಡಿ, ಸರಿಮಾಡ್ತೀನಿ."

ಸರಿಮಾಡುವ ನಾಟಕ ಶುರುವಾಯಿತು. ಮೋಡೆಮ್ಮಿನ ವೈರು ಕಿತ್ತು, ಊದಿ, ಮತ್ತೆ ಹಾಕಿದಳು. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಳು. ಅಕ್ಕ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಆಪರೇಷನ್ ಕೋಣೆಯ ಹೊರಗೆ ಕೂತವರ ಹಾಗೆ ಕೂತಿದ್ದಳು. ಮಧ್ಯೆ ಎದ್ದು ಹೋಗಿ ತಂಗಿಗೆ ಕಾಫಿ ತಂದುಕೊಟ್ಟಳು. "ನಿನ್ನ ಫೋನಲ್ಲಿ ಆಗಲ್ವೇನೇ?" ಅಂತ ಕೇಳಿದಳು. "ಆಫೀಸಿನ ಫೋನು, ಇಂಥದ್ದೆಲ್ಲ ತೆರೆದರೆ ಕೆಲಸಕ್ಕೇ ಸಂಚಕಾರ," ಅಂದಳು ತಂಗಿ. ಅಷ್ಟರಲ್ಲಿ ಅವನ ಸರದಿ ಮುಗಿದಿತ್ತು. "ಪಾಪ, ನಿನಗೆ ಎಷ್ಟು ತೊಂದರೆ ಕೊಟ್ಟೆ," ಅಂತ ಅಕ್ಕ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ತಂಗಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕಾಫಿ ಚೆನ್ನಾಗಿತ್ತು ಅನ್ನಿಸಿತು, ಅಷ್ಟೇ.

ಮುಂದಿನ ವಾರ ತಂಗಿ ಆಫೀಸಿನಿಂದ ಬೇಗ ಬಂದಾಗ ಅಕ್ಕ ಇಂಟರ್ನೆಟ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ರಿಸೀವರನ್ನು ಭುಜಕ್ಕೆ ಒತ್ತಿಕೊಂಡು, ಗೋಡೆ ನೋಡುತ್ತಾ ನಿಂತಿದ್ದಳು. ತಂಗಿ ಚಪ್ಪಲಿಯನ್ನೂ ಬಿಡದೆ ಹೋಗಿ ಫೋನ್ ಕಿತ್ತುಕೊಂಡಳು. "ನಿನಗೆ ಅವರ ಭಾಷೆ ತಿಳಿಯಲ್ಲ, ಕೊಡು."

ಆ ಕಡೆಯ ಹೆಂಗಸು ಜಾಣೆ. ಪುಟಗಳ ಹಳೇ ನೆನಪು ಅಳಿಸಿದಿರಾ ಅಂತ ಕೇಳಿದಳು, ಬೇರೆ ಬ್ರೌಸರ್ ಹಾಕಿ ನೋಡಿದಿರಾ ಅಂತ ಕೇಳಿದಳು, ಆಮೇಲೆ ನೆಟ್ಟಗೆ ವಿಷಯಕ್ಕೇ ಬಂದಳು. "ಮೇಡಂ, ಕೆಳಗೆ ಮೂಲೆಯಲ್ಲಿ ತಾರೀಕು, ಇಸವಿ ಸರಿಯಾಗಿದೆಯಾ ನೋಡಿ."

"ಸರಿಯಾಗಿದೆ," ಅಂದಳು ತಂಗಿ, ಅಕ್ಕನ ಮುಖವನ್ನೇ ನೋಡುತ್ತಾ. "ಹೂಂ, ನೋಡಿದೆ. ಅದೆಲ್ಲ ಸರಿಯಾಗಿದೆ." ಫೋನ್ ಇಟ್ಟು ನಿಟ್ಟುಸಿರು ಬಿಟ್ಟಳು. "ಕಂಪ್ಯೂಟರಿಗೆ ಭಾರ ಜಾಸ್ತಿಯಾಗಿದೆಯಂತೆ. ಅನಗತ್ಯವಾದ್ದನ್ನೆಲ್ಲ ಅಳಿಸಬೇಕಂತೆ."

ಇಲ್ಲಿಗೇ ನಿಲ್ಲಿಸಿದ್ದರೂ ಅವಳನ್ನು ಹೇಗೋ ಕ್ಷಮಿಸಬಹುದಿತ್ತು. ಹೆದರಿದವಳು, ಹೆದರಿಕೆಯಲ್ಲಿ ಏನೋ ಮಾಡಿದಳು ಅನ್ನಬಹುದಿತ್ತು. ಆದರೆ ಮಾಡಿದ ಕೆಟ್ಟ ಕೆಲಸ ಕೈಗೆ ಹತ್ತಿದರೆ ಅದಕ್ಕೊಂದು ರುಚಿ ಬರುತ್ತದೆ. ಆ ಭಾನುವಾರ ತಂಗಿ ಅಕ್ಕನನ್ನೇ ಕುರ್ಚಿಯಲ್ಲಿ ಕೂರಿಸಿ, ಅವನು ಕಳಿಸಿದ್ದ ಫೋಟೋಗಳನ್ನು ಅವಳು ಉಳಿಸಿಟ್ಟುಕೊಂಡಿದ್ದ ಜಾಗ ತೆರೆದಳು. ಕ್ರೇನಿನ ಮೇಲೆ ಕೂತವನು, ಹಿಮ ಬಿದ್ದ ಬೆಳಿಗ್ಗೆ ಹಲ್ಲುಜ್ಜುತ್ತಿರುವವನು, ಟೋಪಿ ತೆಗೆದು ಬೋಳುತಲೆ ತೋರಿಸಿ ನಾಚಿಕೊಂಡವನು.

"ಇವೇ ನೋಡು ಭಾರ," ಅಂದಳು ತಂಗಿ. "ಒಂದೊಂದೇ ಆರಿಸ್ಕೊ. ಈ ಗುಂಡಿ ಒತ್ತು."

"ಇವು ಹೋದ್ರೆ ಮತ್ತೆ ಬರಲ್ವಾ?"

"ಅವರನ್ನೇ ನೋಡೋದು ಮುಖ್ಯಾನೋ, ಫೋಟೋ ಮುಖ್ಯಾನೋ?"

ಅಕ್ಕ ಒಂದೊಂದನ್ನೂ ಸ್ವಲ್ಪ ಹೊತ್ತು ನೋಡಿ, ಗುಂಡಿ ಒತ್ತಿದಳು. ಬೋಳುತಲೆಯದನ್ನು ಅಳಿಸುವಾಗ ಮಾತ್ರ ಬೆರಳು ನಿಂತಿತು. "ಇದೊಂದು ಇರಲಿ ಕಣೇ." "ಹಾಗಾದ್ರೆ ಸರಿಹೋಗಲ್ಲ," ಅಂದಳು ತಂಗಿ, ಬೇಸರಪಟ್ಟುಕೊಂಡವಳ ಹಾಗೆ. ಅಕ್ಕ ಒತ್ತಿದಳು. ಕಂಪ್ಯೂಟರಿನ ಕಸದ ಬುಟ್ಟಿಯನ್ನು ತಂಗಿ ತಾನೇ ಖಾಲಿ ಮಾಡಿದಳು. ಆಮೇಲೆ ಬ್ರೌಸರ್ ತೆರೆದು, ಬಂದ ಕೆಂಪನ್ನು ನೋಡಿ, "ಥೂ, ಇನ್ನೂ ಹಾಗೇ ಇದೆ," ಅಂದಳು. ಅಕ್ಕ ಮಿಷನ್ನಿನ ಮೇಲೆ ಹಣೆ ಇಟ್ಟು ಅತ್ತಳು. ಒಳಗಿನಿಂದ ಗೋಡೆಗೆ ಎರಡು ಕುಟ್ಟು ಬಿತ್ತು. ಅಕ್ಕ ಕಣ್ಣೊರೆಸಿಕೊಂಡು ಎದ್ದು ಹೋದಳು. ಅವಳು ಹೀಗೆ ಎದ್ದು ಹೋಗುವುದನ್ನು ನೋಡಿದಾಗ ತಂಗಿಗೆ ಎಲ್ಲವೂ ಅದರದರ ಜಾಗದಲ್ಲಿ ಇದೆ ಅನ್ನಿಸಿ ಸಮಾಧಾನವಾಯಿತು.

ಅದಾದ ಮೇಲೆ ಒಂದು ಬುಧವಾರ ಸಂಜೆ ತಂಗಿ ಮನೆಗೆ ಬಂದಾಗ ಬಾಗಿಲಲ್ಲಿ ಒಬ್ಬಳು ಗಿರಾಕಿ ನಿಂತು ಅಕ್ಕನಿಗೆ ಚೆನ್ನಾಗಿ ಮಂಗಳಾರತಿ ಮಾಡುತ್ತಿದ್ದಳು. ಮದುಮಗಳ ತಾಯಿ. ಮದುಮಗಳ ಉಡುಪು ತೋಳಿಲ್ಲದೆ ಮಿಷನ್ನಿನ ಮೇಲೆ ಬಿದ್ದಿತ್ತು.

"ಹದಿನೆಂಟಕ್ಕೆ ಮದುವೆ ಅಂತ ಹೇಳಿರಲಿಲ್ವಾ ನಾನು? ನಾಳೆ ಹದಿನೆಂಟು!"

"ಶನಿವಾರ ಅಂದ್ಕೊಂಡಿದ್ದೆ," ಅಂದಳು ಅಕ್ಕ. ಅವಳಿಗೆ ತಾರೀಕು ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ವಾರ ನಿಲ್ಲುತ್ತಿತ್ತು. "ಶುಕ್ರವಾರ ತೋಳು ಕೂಡಿಸೋಣ ಅಂತ..."

"ಹದಿನೆಂಟು ಗುರುವಾರ ಅಂತ ಹಾಲು ಕುಡಿಯೋ ಮಗುವಿಗೂ ಗೊತ್ತು. ನಿಮ್ಮ ಮನೇಲಿ ಮಾತ್ರ ಬೇರೆ ಗುರುವಾರ ಬರುತ್ತಾ?"

ಅಕ್ಕ ಗಿರಾಕಿಯನ್ನು ಕೂರಿಸಿ, ತೋಳನ್ನು ಕಚ್ಚಾ ಹೊಲಿಗೆಯಲ್ಲಿ ಕೂಡಿಸತೊಡಗಿದಳು. ಒಂದೆರಡು ಸಲ ತಲೆ ಎತ್ತಿ ಕಂಪ್ಯೂಟರಿನ ಕಡೆ ನೋಡಿದಳು. ಪ್ರೇಮ ಮಾಡಿದರೆ ವಾರವೂ ಮರೆತುಹೋಗುತ್ತದೆ ಎಂದುಕೊಂಡ ತಂಗಿಗೆ ಒಳಗೊಳಗೇ ನಗು ಬಂತು. ಹೋಗಿ ಹೊದ್ದು ಮಲಗಿದಳು.

ಅಲ್ಲಿಂದ ಅಕ್ಕ ತಣ್ಣಗಾದಳು. ಅಳುವುದು ನಿಂತಿತು. ಭಾನುವಾರ ಮಾತ್ರ ತಪ್ಪದೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. "ಇನ್ನೊಂದ್ಸಲ ನೋಡೇ, ಇವತ್ತು ಆಗಬಹುದು." ತಂಗಿ ಬ್ರೌಸರನ್ನು ತೆಗೆದುಹಾಕಿ ಹೊಸದಾಗಿ ಹಾಕಿದಳು. ಅದೂ ಆಗಲಿಲ್ಲವೆಂದು ಇನ್ನೊಂದು ಬ್ರೌಸರ್, ಆಫೀಸಿನಿಂದ ಪೆನ್‌ಡ್ರೈವಿನಲ್ಲಿ ತಂದಿದ್ದು, ಹಾಕಿದಳು. ಪರದೆಯ ಮೇಲೆ ಹಸಿರು ಪಟ್ಟಿ ಆಮೆಯಂತೆ ತೆವಳುತ್ತಿರುವಾಗ ಅಕ್ಕ ಸೊಂಟ ಹಿಡಿದುಕೊಂಡು ಹೇಳುತ್ತಿದ್ದಳು. "ಅದು ಮುಗಿಯೋ ತನಕ ಅಪ್ಪನ್ನ ಸ್ವಲ್ಪ ಮಗ್ಗುಲು ಬದಲಿಸ್ತೀಯಾ? ನನ್ನ ಸೊಂಟ ಹಿಡ್ಕೊಂಡಿದೆ. ನಾನು ಹೋಗಿ ಅಂಗಡಿಯಿಂದ ಶರ್ಟಿನ ಗುಂಡಿ ತರ್ತೀನಿ."

ಮೊದಲ ಸಲ ತಂಗಿ ಮೂಗು ಮುಚ್ಚಿಕೊಂಡೇ ಹೋದಳು. ಅಕ್ಕ ಬಾಗಿಲಲ್ಲಿ ನಿಂತು ಹೇಳಿಕೊಟ್ಟಳು. "ಮೊಣಕಾಲು ಮಡಿಸು. ಭುಜದ ಕೆಳಗೆ ಕೈ ಹಾಕು. ಎಳೀಬೇಡ, ಉರುಳಿಸು." ಅಪ್ಪ "ಫೇಲ್" ಅಂದ. ಮುಂದಿನ ವಾರ ಸ್ನಾನ, ಅದರ ಮುಂದಿನ ವಾರ ಬೆನ್ನಿನ ಹುಣ್ಣಿಗೆ ಮುಲಾಮು. ತಂಗಿ ಹಲ್ಲು ಕಚ್ಚಿಕೊಂಡು ಎಲ್ಲಾ ಮಾಡಿದಳು. ಅಕ್ಕನ ಜೀವನಕ್ಕೆ ಎಳ್ಳುನೀರು ಬಿಟ್ಟಿದ್ದಕ್ಕೆ ಇಷ್ಟಾದರೂ ಮಾಡೋಣ ಎಂಬ ಉದಾರ ಬುದ್ಧಿ ಅವಳಿಗೆ ಆಗೀಗ ಬರುತ್ತಿತ್ತು. ಅಕ್ಕ ಗುಂಡಿ ಅಂಗಡಿಗೆ ಹೋಗಿ ಬರುವುದು ತಡವಾಗುತ್ತಿತ್ತು. ಎಲ್ಲೋ ಒಬ್ಬಳೇ ಕೂತು ಅತ್ತು ಬರುತ್ತಾಳೆ ಎಂದು ತಂಗಿ ತಿಳಿದಿದ್ದಳು. ಬಂದು ಮತ್ತೆ ಮಿಷನ್ನಿಗೆ ಕೂತು ಯಾವನೋ ಗಿರಾಕಿಯ ಬಿಳಿ ಶರ್ಟು ಹೊಲಿಯುತ್ತಿದ್ದಳು. ಅಗಲ ಭುಜದ ಶರ್ಟು, ಕಾಲರಿಗೆ ಎರಡು ಸಾಲು ಹೊಲಿಗೆ.

ತಿಂಗಳು ಕಳೆಯಿತು. ಇಷ್ಟು ಹೊತ್ತಿಗೆ ಕ್ರೇನಿನವನು ದೂರದೂರಿಗೆ ಹೋಗಿರುತ್ತಾನೆ ಎಂದು ತಂಗಿ ಲೆಕ್ಕ ಹಾಕಿದಳು. ಆ ಭಾನುವಾರ ಅವಳಿಗೆ ಹಬ್ಬದಂತಿತ್ತು. ಕೊನೆಯದಾಗಿ ಒಂದು ಸಲ ಬ್ರೌಸರ್ ಕಿತ್ತು ಹಾಕಿ, "ಇದು ಗುಜರಿಗೇ ಸರಿ" ಎಂದು ತೀರ್ಪು ಕೊಟ್ಟು ಮುಗಿಸಿಬಿಡೋಣ ಎಂದುಕೊಂಡು ಕೂತಳು. ಅಕ್ಕ ಎಂದಿನಂತೆ ಕಾಫಿ ತಂದಿಟ್ಟಳು. ಈ ಸಲ ಸ್ಟೂಲಿನಲ್ಲಿ ಕೂರಲಿಲ್ಲ.

"ಏನಂತೆ?" ಅಂದಳು ಅಕ್ಕ.

ಕೆಂಪು ತ್ರಿಕೋನ ಬಂದಿತ್ತು. "ಆ ಕಡೆಯವರು ಇಲ್ಲವಂತೆ," ಅಂದಳು ತಂಗಿ. "ಆ ವಿಳಾಸಾನೇ ಇಲ್ಲ ಅಂತಿದೆ. ಹೋಗಿಬಿಟ್ರೇನೋ ಅಕ್ಕ."

"ಎಲ್ಲಿದೆ ಹಾಗಂತ?"

ತಂಗಿ ತಿರುಗಿ ನೋಡಿದಳು. ಅಕ್ಕ ಗೋಡೆ ನೋಡುತ್ತಿರಲಿಲ್ಲ, ಪರದೆ ನೋಡುತ್ತಿದ್ದಳು. ಕೈ ಚಾಚಿ, ಬೆರಳನ್ನು ಸಾಲಿನ ಕೆಳಗೆ ಇಟ್ಟು, ಶಾಲೆಯಲ್ಲಿ ಪಾಠ ಓದುವ ಹಾಗೆ ಒಂದೊಂದೇ ಪದ ಓದಿದಳು. ನಿಮ್ಮ ಗಡಿಯಾರ ಮುಂದಿದೆ. ಆಮೇಲೆ ಮೂಲೆಯ ಗಡಿಯಾರವನ್ನು ಒತ್ತಿದಳು. ತಿಂಗಳ ಪಟ್ಟಿ ಬಿಚ್ಚಿಕೊಂಡಿತು.

"ನಾನು ವಾರ ನೋಡೋದು ಇಲ್ಲೇ ಕಣೇ. ಯಾರಾದ್ರೂ ಗಿರಾಕಿ ತಾರೀಕು ಹೇಳಿದ್ರೆ, ಅದು ಯಾವ ವಾರ ಬೀಳುತ್ತೆ ಅಂತ ಇಲ್ಲಿ ಒತ್ತಿ ನೋಡ್ತೀನಿ. ನಿನಗೆ ಗೊತ್ತಿರಲಿಲ್ಲ. ತಾರೀಕು ಹಾಗೇ ಇಟ್ಟು ಇಸವಿ ಬದಲಾಯಿಸಿದೆ. ಆದ್ರೆ ವಾರಗಳು ಜಾರಿಹೋದವು. ಗುರುವಾರ ಬಂದು ಶನಿವಾರದ ಮನೇಲಿ ಕೂತಿತ್ತು. ಆ ಹೆಂಗಸು ಬೈದು ಹೋದಮೇಲೆ ಹೆದರಿಕೆ ಬಿಟ್ಟು ಕೂತು ಓದಿದೆ. ಎಷ್ಟು ಚೆನ್ನಾಗಿ ಬರೆದಿದೆ ನೋಡು, ಯಾರಿಗಾದ್ರೂ ತಿಳಿಯುತ್ತೆ."

ತಂಗಿ ಮೌಸಿನಿಂದ ಕೈ ತೆಗೆದಳು. "ಆವತ್ತೇ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಪ್ರೀತಿಯಿಂದ ರಿಪೇರಿ ಮಾಡ್ತಿದ್ದೆ. ನಿಲ್ಲಿಸೋಕೆ ಮನಸ್ಸು ಬರಲಿಲ್ಲ." ಅಕ್ಕನ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. "ಗುಂಡಿ ಅಂಗಡಿಯಲ್ಲೂ ಕಂಪ್ಯೂಟರ್ ಇದೆ. ಅವರು ಸರದಿ ಸಂಜೆಗೆ ಹಾಕಿಸ್ಕೊಂಡ್ರು. ಅಳತೆ ಪಟ್ಟಿ ಹಿಡ್ಕೊಂಡು ಪರದೇಲೇ ಶರ್ಟಿನ ಅಳತೆ ಕೊಟ್ರು. ಹೇಗಿದೆ ನೋಡು."

ಹೊರಗೆ ಟ್ಯಾಕ್ಸಿ ನಿಂತಿತ್ತು. ಅದರ ಪಕ್ಕದಲ್ಲಿ ಅಗಲ ಭುಜದ ಒಬ್ಬ ಮನುಷ್ಯ, ಟೋಪಿ ಕೈಯಲ್ಲಿ ಹಿಡಿದುಕೊಂಡು, ಬಿಳಿ ಶರ್ಟಿನಲ್ಲಿ ಸೆಟೆದು ನಿಂತಿದ್ದ. ಬೋಳುತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಅಕ್ಕನ ಪೆಟ್ಟಿಗೆ ಆಗಲೇ ಗಾಡಿ ಸೇರಿತ್ತು. ಮಿಷನ್ನು ಯಾವಾಗ ಹೋಯಿತೋ, ಕಿಟಕಿಯ ಕೆಳಗೆ ಅದರ ಕಾಲಿನ ನಾಲ್ಕು ಗುರುತು ಮಾತ್ರ ಉಳಿದಿತ್ತು. ಬೆಳಿಗ್ಗೆ ತಾನು ಅಪ್ಪನಿಗೆ ಸ್ನಾನ ಮಾಡಿಸುತ್ತಿದ್ದಾಗ ಹೋಗಿರಬೇಕು ಎಂದು ತಂಗಿಗೆ ಹೊಳೆಯಿತು. ಬಂದು ಕೂತವಳು ಪರದೆಯನ್ನೇ ನೋಡುತ್ತಿದ್ದಳು, ಪಕ್ಕಕ್ಕೆ ನೋಡಿರಲೇ ಇಲ್ಲ.

"ಅಕ್ಕ, ನನ್ನ ಕೈಲಿ ಆಗಲ್ಲ," ಅಂದಳು ತಂಗಿ. ನಿಜವಾದ ಮಾತು ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಬಂದಿತ್ತು. "ನಾನು ಆಫೀಸಿಗೆ ಹೋಗ್ಬೇಕು. ಆ ಕೋಣೆ... ನಿಜವಾಗ್ಲೂ ನನ್ನ ಕೈಲಿ ಆಗಲ್ಲ."

"ಆಗುತ್ತೆ. ಮಗ್ಗುಲು ಬದಲಿಸೋದು, ಸ್ನಾನ, ಮುಲಾಮು, ಎಲ್ಲಾ ಕಲಿಸಿದ್ದೀನಿ. ಒಂದೊಂದೇ ವಾರ ಒಂದೊಂದು." ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡಳು. "ಫೋಟೋ ಅಳಿಸೋದನ್ನ ನೀನು ನನ್ನ ಕೈಲೇ ಮಾಡಿಸಿದೆಯಲ್ಲ, ಹಾಗೆ."

ತಂಗಿ ಅವಳ ಮಣಿಕಟ್ಟು ಹಿಡಿದುಕೊಂಡಳು. ಅಕ್ಕ ಬಿಡಿಸಿಕೊಳ್ಳಲು ಹೋಗಲಿಲ್ಲ, ಹಿಡಿದ ಕೈಯನ್ನೇ ನೋಡುತ್ತಾ ನಿಂತಳು. ಬೆರಳುಗಳಲ್ಲಿ ಮುಲಾಮಿನ ವಾಸನೆ ಇತ್ತು. ಅದು ಅಕ್ಕನ ಕೈಯ ವಾಸನೆ ಎಂದೇ ತಂಗಿ ಇಷ್ಟು ವರ್ಷ ತಿಳಿದಿದ್ದಳು. ಈಗ ಅದು ತನ್ನ ಕೈಯಿಂದ ಬರುತ್ತಿತ್ತು. ಹಿಡಿತ ತಾನಾಗಿ ಸಡಿಲವಾಯಿತು.

"ಯಾವಾಗ ಬರ್ತೀಯಾ?"

ಅಕ್ಕ ಬಾಗಿಲಲ್ಲಿ ನಿಂತು, ಪರದೆಯ ಮೂಲೆಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಅದನ್ನ ಸರಿಮಾಡಬೇಡ, ಹಾಗೇ ಇರಲಿ. ಅದರ ಪ್ರಕಾರ ನಾನು ಹೋಗಿ ಆಗಲೇ ಎರಡು ವರ್ಷ ಆಗಿದೆ. ನಿನಗೂ ಇಷ್ಟು ಹೊತ್ತಿಗೆ ಅಭ್ಯಾಸ ಆಗಿರಬೇಕು."

ಟ್ಯಾಕ್ಸಿ ಹೋಯಿತು. ತಂಗಿ ಕೂತಲ್ಲೇ ಕೂತಿದ್ದಳು. ಕಾಫಿಯ ಮೇಲೆ ಕೆನೆ ಕಟ್ಟಿತು. ಒಳಗಿನಿಂದ ಗೋಡೆಗೆ ಎರಡು ಕುಟ್ಟು ಬಿತ್ತು. ಅವಳು ಅಲುಗಾಡಲಿಲ್ಲ. ಮತ್ತೆ ಎರಡು ಕುಟ್ಟು, ಸಿಟ್ಟಿನಲ್ಲಿ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅಪ್ಪ ಯೋಚಿಸುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಕಿವಿಗೆ ಬಿದ್ದ ಗಾಡಿಯ ಸದ್ದು, ಮಿಷನ್ನಿನ ಸದ್ದಿಲ್ಲದ ಮುಂದಿನ ಕೋಣೆ, ಬಾರದೇ ಇರುವ ಹೆಜ್ಜೆ, ಎಲ್ಲ ಕೂಡಿಸಿ ನೋಡುತ್ತಿದ್ದಾನೆ. ಅವನು ಪೆದ್ದನಲ್ಲ.

ಕೊನೆಗೆ ಗೋಡೆಗೆ ಕುಟ್ಟಿದ ಸದ್ದು ಬಂತು. ಒಂದೇ ಸಲ.